ಪ್ರಶ್ನೆ ಕೇಳುವ ಹಕ್ಕು ಯಾರದು?

ಅನಂತಪುರ ಜಿಲ್ಲೆಯ ಯಾವುದೋ ಒಂದು ಹಳ್ಳಿ. ಕಡಲೆಕಾಯಿ ಹೊಲದಲ್ಲಿ ಕಳೆ ಕಿತ್ತು, ಬಿಸಿಲೇರುವ ಹೊತ್ತಿಗೆ ಮನೆಗೆ ಮರಳಿದ ತಾಯಿಯೊಬ್ಬಳು ಸೆರಗಿನಿಂದ ಮುಖವೊರಸಿಕೊಂಡು ಜಗುಲಿಯ ಮೇಲೆ ಕುಳಿತಿದ್ದಾಳೆ. ಎದುರಿಗೆ ಪ್ರಶ್ನಾವಳಿಯನ್ನು ಬಿಚ್ಚಿಕೊಂಡು ಸಮೀಕ್ಷಕರು ಕುಳಿತಿದ್ದಾರೆ. ನಿನ್ನೆ ಮಗು ಏನೇನು ಉಂಡಿತು, ಹೋದ ಸಲ ನಾವು ಬಂದುಹೋದ ಮೇಲೆ ಎಷ್ಟು ಬಾರಿ ಬೆಳೆ ಕೈಕೊಟ್ಟಿತು, ಸಾಲ ತಂದದ್ದು ಯಾರಿಂದ, ಶಾಲೆ ಎಷ್ಟು ದೂರ, ಹುಡುಗಿಯನ್ನು ಎಲ್ಲಿಯವರೆಗೆ ಓದಿಸುವ ಮನಸ್ಸಿದೆ ಎಂದು ಅವರು ತೆಲುಗಿನಲ್ಲಿ ಕೇಳುತ್ತಾರೆ, ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಾರೆ. ಕೊನೆಗೆ ಮಗುವನ್ನು ಕರೆದು, ಅಳತೆಯ ಹಲಗೆಗೆ ಬೆನ್ನು ತಾಗಿಸಿ ನಿಲ್ಲಿಸಿ, ಅದರ ಎತ್ತರವನ್ನು ಗುರುತು ಹಾಕಿಕೊಳ್ಳುತ್ತಾರೆ.

ಇವೇ ಪ್ರಶ್ನೆಗಳನ್ನು ಪೆರು ದೇಶದ ಆಂಡೀಸ್ ಪರ್ವತದ ತಪ್ಪಲಿನಲ್ಲಿ, ಇಥಿಯೋಪಿಯಾದ ಪ್ರಸ್ಥಭೂಮಿಯಲ್ಲಿ, ವಿಯೆಟ್ನಾಮಿನಲ್ಲಿ ಮೆಕಾಂಗ್ ನದಿಯು ಸಮುದ್ರವನ್ನು ಸೇರುವ ಬತ್ತದ ಬಯಲಿನಲ್ಲಿ, ಆಯಾ ಜನದ ಭಾಷೆಯಲ್ಲಿ ಕೇಳಲಾಗುತ್ತದೆ. ಉತ್ತರಗಳೆಲ್ಲವೂ ಒಂದೆಡೆ ಸೇರಿ, ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪರಸ್ಪರ ತೂಗಿ ನೋಡಲ್ಪಡುತ್ತವೆ.

ಬಡತನದ ಪ್ರಮಾಣ ಇಷ್ಟು, ಯುದ್ಧದಿಂದ ನೊಂದವರ ಸಂಖ್ಯೆ ಇಷ್ಟು ಎಂಬ ವಾಕ್ಯಗಳನ್ನು ನಾವು ಪತ್ರಿಕೆಗಳಲ್ಲಿ ನಿತ್ಯವೂ ಓದುತ್ತೇವೆ. ಆದರೆ ಆ ಸಂಖ್ಯೆಗಳ ಹಿಂದೆ ಅನೇಕ ದೇಶಗಳ ವಿದ್ಯಾಸಂಸ್ಥೆಗಳು ಹೇಗೆ ಕೈಜೋಡಿಸುತ್ತವೆ, ಆ ಸಹಯೋಗದಲ್ಲಿ ಯಾರ ಮಾತು ನಡೆಯುತ್ತದೆ, ಯಾರ ಹೆಸರು ಉಳಿಯುತ್ತದೆ ಎಂಬುದನ್ನು ವಿಚಾರಿಸುವವರು ವಿರಳ. ವಿಚಾರಿಸುವುದು ಅವಶ್ಯ, ಏಕೆಂದರೆ ಆ ಸಂಖ್ಯೆಗಳನ್ನು ಆಧಾರವಾಗಿಟ್ಟುಕೊಂಡೇ ಸರ್ಕಾರಗಳು ಊಟ, ಔಷಧ, ಶಾಲೆಗಳ ಯೋಜನೆಗಳನ್ನು ರೂಪಿಸುತ್ತವೆ.

ಒಂಟಿಯಾಗಿ ಆಗದ ಕೆಲಸ

ಬಡತನದ ಕಾರಣಗಳನ್ನು ಒಂದೇ ಊರಿನಲ್ಲಿ ಕುಳಿತು ನಿಶ್ಚಯಿಸಲಾಗುವುದಿಲ್ಲ. ಒಂದು ಹಳ್ಳಿಯಲ್ಲಿ ಮಕ್ಕಳು ಕೃಶವಾಗಿದ್ದರೆ ಅದಕ್ಕೆ ಮಳೆಯ ಅಭಾವ ಕಾರಣವೋ, ತಾಯಂದಿರ ಅನಕ್ಷರತೆ ಕಾರಣವೋ, ಊರಿನ ನೀರು ಕಾರಣವೋ ಎಂಬುದು, ಬೇರೆ ಮಳೆ, ಬೇರೆ ನೀರು, ಬೇರೆ ಆಡಳಿತವಿರುವ ಮತ್ತೊಂದು ದೇಶದ ಹಳ್ಳಿಯೊಡನೆ ಹೋಲಿಸಿ ನೋಡಿದಾಗಲೇ ಸ್ಪಷ್ಟವಾಗತಕ್ಕದ್ದು. ಹಾಗೆ ಹೋಲಿಸಬೇಕಾದರೆ ಎರಡು ಕಡೆಯೂ ಒಂದೇ ಪ್ರಶ್ನೆಯನ್ನು ಒಂದೇ ಅರ್ಥದಲ್ಲಿ ಕೇಳಿರಬೇಕು.

ಯುದ್ಧದ ವಿಷಯದಲ್ಲಂತೂ ಈ ಏಕವಾಕ್ಯತೆ ಇನ್ನೂ ದುಸ್ಸಾಧ್ಯ. ಒಂದು ಸರ್ಕಾರ ದಂಗೆಯೆಂದು ಕರೆದುದನ್ನು ಇನ್ನೊಂದು ಸರ್ಕಾರ ಯುದ್ಧವೆಂದೀತು. ಆದಕಾರಣ ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ವಿದ್ವಾಂಸರು ಒಂದು ಮೇರೆಯನ್ನು ಗೊತ್ತುಮಾಡಿಕೊಂಡರು: ಸಂಘಟಿತವಾದ ಎರಡು ಪಕ್ಷಗಳು, ಅವುಗಳಲ್ಲಿ ಒಂದಾದರೂ ಒಂದು ರಾಷ್ಟ್ರದ ಸರ್ಕಾರವಾಗಿದ್ದು, ಒಂದು ವರ್ಷದಲ್ಲಿ ಅವರ ಕದನದಿಂದ ಕನಿಷ್ಠ 25 ಮಂದಿ ಸತ್ತಿದ್ದರೆ ಅದನ್ನು ಸಶಸ್ತ್ರ ಸಂಘರ್ಷವೆಂದು ಎಣಿಸಬೇಕು. ಇವರು ನಾರ್ವೆಯ ಆಸ್ಲೋ ನಗರದ ಶಾಂತಿಸಂಶೋಧನ ಸಂಸ್ಥೆಯವರೊಡನೆ ಸೇರಿ, 1946ರಿಂದೀಚಿನ ಸಂಘರ್ಷಗಳ ಪಟ್ಟಿಯನ್ನು ಸಿದ್ಧಪಡಿಸಿದರು. ಲೋಕದ ವಿದ್ವಾಂಸರು ಈಗ ಸಾಮಾನ್ಯವಾಗಿ ಬಳಸುವುದು ಈ ಪಟ್ಟಿಯನ್ನೇ.

ಸಹಯೋಗಕ್ಕೆ ಇನ್ನೊಂದು ಕಾರಣವೂ ಉಂಟು. ಹೊರಗಿನಿಂದ ಬಂದ ವಿದ್ವಾಂಸನಿಗೆ ಹಣ, ಗ್ರಂಥಾಲಯ, ಗಣಕಯಂತ್ರಗಳ ಬಲವಿದ್ದರೂ ಊರಿನ ಮರ್ಮ ತಿಳಿಯದು; ಊರಿನವನಿಗೆ ಮರ್ಮ ತಿಳಿದಿದ್ದರೂ ಅದನ್ನು ಲೋಕದ ಮುಂದಿಡುವ ಸಾಧನಗಳಿರುವುದಿಲ್ಲ. ಇವರಿಬ್ಬರೂ ಕೂಡಿದರೆ ಜ್ಞಾನ ಬೆಳೆಯುತ್ತದೆ. ಆದರೆ ಕೂಡುವ ನಿಬಂಧನೆಗಳನ್ನು ಯಾರು ಬರೆಯುತ್ತಾರೆ?

ಸೇನೆಯು ಪ್ರಶ್ನೆ ಕೇಳಿದಾಗ

ನಿಬಂಧನೆ ಕೆಟ್ಟರೆ ಏನಾಗುತ್ತದೆಂಬುದಕ್ಕೆ 1965ರ ಒಂದು ಪ್ರಸಂಗ ಇಂದಿಗೂ ನಿದರ್ಶನವಾಗಿ ಉಳಿದಿದೆ. ಅಮೆರಿಕದ ಭೂಸೇನೆಯು, ವಾಷಿಂಗ್ಟನ್ನಿನ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿದ್ದ ತನ್ನದೊಂದು ಸಂಶೋಧನಾ ಕಚೇರಿಯ ಮೂಲಕ, ‘ಪ್ರಾಜೆಕ್ಟ್ ಕ್ಯಾಮೆಲಾಟ್’ ಎಂಬ ಯೋಜನೆಯೊಂದನ್ನು ಹೂಡಿತ್ತು. ಬಡ ರಾಷ್ಟ್ರಗಳಲ್ಲಿ ಅಂತರ್ಯುದ್ಧ ಹುಟ್ಟುವ ಕಾರಣಗಳನ್ನು ಸಮಾಜಶಾಸ್ತ್ರದ ವಿಧಾನದಿಂದ ಮುಂಚಿತವಾಗಿಯೇ ಕಂಡುಹಿಡಿದು, ಸರ್ಕಾರಗಳು ಅದನ್ನು ತಡೆಯುವ ಬಗೆಯನ್ನು ಸೂಚಿಸುವುದು ಅದರ ಉದ್ದೇಶ. ಅದಕ್ಕೆ 40ರಿಂದ 60 ಲಕ್ಷ ಡಾಲರುಗಳವರೆಗೆ ವೆಚ್ಚವಾಗಬಹುದೆಂದು ಎಣಿಸಲಾಗಿತ್ತು. ಸಮಾಜವಿಜ್ಞಾನಕ್ಕೆ ಅದು ಆ ಕಾಲದಲ್ಲಿ ಅಪೂರ್ವವಾದ ಮೊತ್ತ.

ನಾರ್ವೆಯ ಯೊಹಾನ್ ಗಾಲ್ಟುಂಗ್ ಅವರು ಆಗ ಚಿಲಿ ದೇಶದ ಸಾಂಟಿಯಾಗೊದಲ್ಲಿ ಸಮಾಜಶಾಸ್ತ್ರವನ್ನು ಬೋಧಿಸುತ್ತಿದ್ದರು. ಆಸ್ಲೋ ನಗರದ ಶಾಂತಿಸಂಶೋಧನ ಸಂಸ್ಥೆಯನ್ನು 1959ರಲ್ಲಿ ಸ್ಥಾಪಿಸಿದವರೂ ಅವರೇ. ಕ್ಯಾಮೆಲಾಟಿನ ಆಹ್ವಾನ ಬಂದಾಗ ಅವರು ಅದನ್ನು ನಿರಾಕರಿಸಿದರು. ಇತ್ತ ಚಿಲಿಯ ವಿದ್ವಾಂಸರನ್ನು, ಸೇನೆಯ ನಂಟನ್ನು ತಿಳಿಸದೆಯೇ, ಯೋಜನೆಗೆ ಸೆಳೆಯಲು ಪ್ರಯತ್ನ ನಡೆದಿತ್ತು. ಸತ್ಯ ಹೊರಬಿದ್ದೊಡನೆ ಅಲ್ಲಿಯ ವಿಶ್ವವಿದ್ಯಾಲಯಗಳು, ಪತ್ರಿಕೆಗಳು, ಶಾಸನಸಭೆ ಎಲ್ಲವೂ ಪ್ರತಿಭಟಿಸಿದುವು. 1965ರ ಜುಲೈ ತಿಂಗಳಲ್ಲಿ ಅಮೆರಿಕದ ರಕ್ಷಣಾ ಖಾತೆಯೇ ಯೋಜನೆಯನ್ನು ರದ್ದುಪಡಿಸಬೇಕಾಯಿತು.

ಕ್ಯಾಮೆಲಾಟಿನಲ್ಲಿ ಸೇರಿದ ವಿದ್ವಾಂಸರಲ್ಲಿ ಅನೇಕರು ಸದುದ್ದೇಶದವರೇ. ದೋಷವಿದ್ದುದು ಪ್ರಶ್ನೆಯಲ್ಲಿ. ಜನರು ಏಕೆ ದಂಗೆಯೇಳುತ್ತಾರೆಂಬುದನ್ನು, ದಂಗೆಯನ್ನು ಅಡಗಿಸಬೇಕೆಂಬ ಪಕ್ಷದವರ ಹಣದಿಂದ, ಆ ಜನರಿಗೆ ತಿಳಿಸದೆ ಕೇಳಹೊರಟರೆ, ಕೇಳುವ ಕ್ರಮ ಎಷ್ಟೇ ಶಾಸ್ತ್ರೀಯವಾಗಿದ್ದರೂ ಅದು ವಿದ್ಯೆಯ ವ್ಯವಹಾರವಾಗದೆ ಬೇಹುಗಾರಿಕೆಯ ನೆರೆಯಲ್ಲಿ ನಿಲ್ಲುತ್ತದೆ.

ಹನ್ನೆರಡು ಸಾವಿರ ಬಾಲ್ಯಗಳು

ಇದಕ್ಕೆ ಪ್ರತಿಯಾಗಿ ನಿಲ್ಲಿಸಬಹುದಾದ ಉದಾಹರಣೆ, ಆರಂಭದಲ್ಲಿ ಹೇಳಿದ ಅಧ್ಯಯನ. ‘ಯಂಗ್ ಲೈವ್ಸ್’ ಎಂದು ಅದರ ಹೆಸರು. ಬ್ರಿಟಿಷ್ ಸರ್ಕಾರದ ನೆರವಿನಿಂದ 2001ರಲ್ಲಿ ಹೊರಟು, ಮುಂದೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಬೆಳೆದ ಈ ಅಧ್ಯಯನವು ಇಥಿಯೋಪಿಯಾ, ಭಾರತ, ಪೆರು, ವಿಯೆಟ್ನಾಂ ಎಂಬ ನಾಲ್ಕು ದೇಶಗಳ ಮಕ್ಕಳನ್ನು ಶೈಶವದಿಂದ ಯೌವನದವರೆಗೆ ಹಿಂಬಾಲಿಸಿ ಬಂದಿದೆ.

ಪ್ರತಿ ದೇಶದಲ್ಲಿಯೂ 20 ಪ್ರದೇಶಗಳನ್ನು ಆರಿಸಿ, 2001-02ರಲ್ಲಿ ಹುಟ್ಟಿದ ಸುಮಾರು 2,000 ಶಿಶುಗಳನ್ನೂ 1994-95ರಲ್ಲಿ ಹುಟ್ಟಿದ ಸುಮಾರು 1,000 ಮಕ್ಕಳನ್ನೂ ತೆಗೆದುಕೊಂಡರು; ಒಟ್ಟು 12,000. ಮೊದಲ ಸುತ್ತು 2002ರಲ್ಲಿ ನಡೆಯಿತು. ಅನಂತರ ಮೂರು ನಾಲ್ಕು ವರ್ಷಗಳಿಗೊಮ್ಮೆ ಅದೇ ಮನೆಗಳಿಗೆ ಹೋಗಿ ಅದೇ ಮಕ್ಕಳನ್ನು ಮಾತನಾಡಿಸಿದರು. ವಲಸೆ ಹೋದವರನ್ನು ಹುಡುಕಿಕೊಂಡು ಹೋದರು.

ಈ ಪುನರಾಗಮನದಲ್ಲಿಯೇ ಅಧ್ಯಯನದ ಸತ್ವವಿದೆ. ಒಮ್ಮೆ ಮಾತ್ರ ಬಂದು ಹೋಗುವ ಗಣತಿಗೆ ಈ ದಿನದ ಬಡವನು ಕಾಣುತ್ತಾನೆ. ಅವನು ನಿನ್ನೆಯೂ ಬಡವನಾಗಿದ್ದನೋ, ಮಗಳ ಮದುವೆಯ ಸಾಲದಿಂದಲೋ ತಂದೆಯ ಕಾಯಿಲೆಯಿಂದಲೋ ಈಚೆಗೆ ಬಡವನಾದನೋ ಎಂಬುದು ಕಾಣದು. ಬಡತನಕ್ಕೆ ಒಳಬರುವ ಬಾಗಿಲನ್ನೂ ಹೊರಹೋಗುವ ಬಾಗಿಲನ್ನೂ ತೋರಿಸಬಲ್ಲುದು ದೀರ್ಘಕಾಲದ ಸಹವಾಸವೊಂದೇ.

ಭಾರತದ ಪಾಲಿಗೆ ಆರಿಸಲ್ಪಟ್ಟದ್ದು ಅಂದಿನ ಅವಿಭಕ್ತ ಆಂಧ್ರಪ್ರದೇಶ. ಸಮೀಕ್ಷೆಯ ಹೊಣೆಯನ್ನು ಹೈದರಾಬಾದಿನ ಆರ್ಥಿಕ ಮತ್ತು ಸಾಮಾಜಿಕ ಅಧ್ಯಯನ ಕೇಂದ್ರವು ಹೊತ್ತಿತು. ಮಕ್ಕಳೊಡನೆ ಕುಳಿತು ಅವರ ಮಾತಿನಲ್ಲಿಯೇ ಅವರ ಬದುಕನ್ನು ಕೇಳಿ ತಿಳಿಯುವ ಕಾರ್ಯದಲ್ಲಿ ತಿರುಪತಿಯ ಶ್ರೀ ಪದ್ಮಾವತಿ ಮಹಿಳಾ ವಿಶ್ವವಿದ್ಯಾಲಯವು ಪಾಲ್ಗೊಂಡಿತು. ಆರಿಸಿಕೊಂಡ ಜಿಲ್ಲೆಗಳಲ್ಲಿ ಅನಂತಪುರ, ಮಹಬೂಬನಗರಗಳೂ ಇದ್ದುವು. ಒಂದು ನಮ್ಮ ಬಳ್ಳಾರಿ, ಪಾವಗಡಗಳ ಮಗ್ಗುಲು. ಇನ್ನೊಂದು ರಾಯಚೂರಿನ ಮಗ್ಗುಲು. ಒಂದೇ ಬರ, ಒಂದೇ ಒಣಭೂಮಿ, ಒಂದೇ ಬಗೆಯ ಗುಳೆ. ಆದುದರಿಂದ ಅಲ್ಲಿ ಕಂಡ ಸತ್ಯವು ನಮಗೆ ಪರಕೀಯವಾದುದಲ್ಲ.

ಬಿಸಿಯೂಟ ಉಳಿಸಿದ ಎತ್ತರ

ಅಂಥ ಸತ್ಯಗಳಲ್ಲಿ ಒಂದು ಶಾಲೆಯ ಮಧ್ಯಾಹ್ನದೂಟಕ್ಕೆ ಸಂಬಂಧಿಸಿದುದು. ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ್ 28ರಂದು, ಸರ್ಕಾರಿ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ 2002-03ರಲ್ಲಿ ಉತ್ತರದ ಏಳು ಜಿಲ್ಲೆಗಳಿಂದ ಮೊದಲಾದ ಅಕ್ಷರ ದಾಸೋಹವೂ ಆ ಕಾಲದ್ದೇ. ಊಟ ಕೊಟ್ಟರೆ ಮಕ್ಕಳು ಶಾಲೆಗೆ ಬರುತ್ತಾರೆಂಬುದನ್ನು ಎಲ್ಲರೂ ಒಪ್ಪುತ್ತಿದ್ದರು. ಅದರಿಂದ ದೇಹಕ್ಕೆ ಎಷ್ಟು ಉಪಕಾರವಾಯಿತೆಂಬ ವಿಚಾರದಲ್ಲಿ ಮಾತ್ರ ಸಂದೇಹಗಳಿದ್ದುವು.

ಅಭಿಜಿತ್ ಸಿಂಗ್, ಆಲ್ಬರ್ಟ್ ಪಾರ್ಕ್, ಸ್ಟೆಫಾನ್ ಡೆರ್ಕಾನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಯಂಗ್ ಲೈವ್ಸ್ ಸಂಗ್ರಹಿಸಿದ ಆಂಧ್ರದ ಮಾಹಿತಿಯನ್ನು ಪರಿಶೀಲಿಸಿ 2014ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಎಳೆವಯಸ್ಸಿನಲ್ಲಿ ಬರಗಾಲಕ್ಕೆ ಸಿಕ್ಕಿ ಬೆಳವಣಿಗೆ ಕುಂದಿದ್ದ ಮಕ್ಕಳು, ಶಾಲೆಗೆ ಸೇರಿ ಬಿಸಿಯೂಟವನ್ನು ಉಣ್ಣತೊಡಗಿದ ಮೇಲೆ, ಕಳೆದುಕೊಂಡಿದ್ದುದನ್ನು ತುಂಬಿಕೊಂಡಿದ್ದರು. ಮಗುವು ಬರದಲ್ಲಿ ಹುಟ್ಟಿತೇ ಇಲ್ಲವೇ, ಆಗ ಅದರ ತೂಕವೆಷ್ಟು, ಐದು ವರ್ಷಗಳ ತರುವಾಯ ಎಷ್ಟು ಎಂಬುದೆಲ್ಲ ಒಂದೇ ಮಗುವಿನ ಹೆಸರಿನಲ್ಲಿ ದಾಖಲೆಯಾಗಿರದಿದ್ದಲ್ಲಿ ಇದನ್ನು ಹೇಳುವುದು ಸಾಧ್ಯವಾಗುತ್ತಿರಲಿಲ್ಲ.

ಇನ್ನೊಂದು ಫಲವೂ ಇಷ್ಟೇ ಮಹತ್ವದ್ದು. ಹುಟ್ಟಿದ ಮೊದಲ ಎರಡು ವರ್ಷಗಳಲ್ಲಿ ಬೆಳವಣಿಗೆ ಕುಂಠಿತವಾದರೆ ಅದು ಮುಂದೆ ಸರಿಹೋಗದೆಂಬ ಅಭಿಪ್ರಾಯ ಪ್ರಬಲವಾಗಿತ್ತು. ನಾಲ್ಕು ದೇಶಗಳ ಮಕ್ಕಳಲ್ಲಿಯೂ ಹಾಗೆ ಕುಂಠಿತರಾದವರಲ್ಲಿ ಕೆಲವರು ಎಂಟರ ವಯಸ್ಸಿನ ಹೊತ್ತಿಗೆ ಚೇತರಿಸಿಕೊಂಡದ್ದು ಕಂಡುಬಂದಿತು. ಹಾಗೆ ಚೇತರಿಸಿಕೊಂಡವರು ಓದು, ಲೆಕ್ಕಗಳಲ್ಲಿ ಚೇತರಿಸಿಕೊಳ್ಳದವರಿಗಿಂತ ಮುಂದಿದ್ದರು. ಮೊದಲ ವರ್ಷಗಳ ಪೋಷಣೆಯ ಮಹತ್ತ್ವ ಇದರಿಂದ ಕಡಮೆಯಾಗುವುದಿಲ್ಲ. ಆ ವರ್ಷಗಳು ಕಳೆದುಹೋದುವೆಂದು ಮಗುವನ್ನು ಕೈಬಿಡಬಾರದೆಂಬುದು ಇದರಿಂದ ಸಿದ್ಧವಾಗುತ್ತದೆ.

ಯುದ್ಧದ ಲೆಕ್ಕ

ಬಡತನದ ಅಧ್ಯಯನವು ಯುದ್ಧದ ಅಧ್ಯಯನವಾಗಿ ಮಾರ್ಪಡಲು ಬಹಳ ಕಾಲ ಬೇಕಾಗಿಲ್ಲ. 2020ರ ನವೆಂಬರಿನಲ್ಲಿ ಇಥಿಯೋಪಿಯಾದ ಉತ್ತರದಲ್ಲಿರುವ ಟಿಗ್ರಾಯ್ ಪ್ರಾಂತದಲ್ಲಿ ಯುದ್ಧ ಹತ್ತಿಕೊಂಡಿತು. ಯಂಗ್ ಲೈವ್ಸ್ ಆರಿಸಿಕೊಂಡಿದ್ದ ಪ್ರದೇಶಗಳಲ್ಲಿ ಟಿಗ್ರಾಯ್ ಸೀಮೆಯ ಊರುಗಳೂ ಇದ್ದುವು. ಮಹಾಮಾರಿಯ ದೆಸೆಯಿಂದ ಮನೆಗೆ ಹೋಗಲಾಗದೆ, ಆ ವರ್ಷ ದೂರವಾಣಿಯಲ್ಲಿಯೇ ಎಲ್ಲರನ್ನೂ ಮಾತನಾಡಿಸುತ್ತಿದ್ದರು. ಟಿಗ್ರಾಯ್‌ಗೆ ಸಂಪರ್ಕವೆಲ್ಲ ಕಡಿದುಹೋದಾಗ, ಹದಿನೆಂಟು ವರ್ಷಗಳಿಂದ ಬಲ್ಲವರಾಗಿದ್ದ ತರುಣ ತರುಣಿಯರ ದನಿ ಕೇಳದಾಯಿತು. 2022ರ ನವೆಂಬರ್ 2ರಂದು ಪ್ರಿಟೋರಿಯಾದಲ್ಲಿ ಒಪ್ಪಂದವಾಗುವವರೆಗೂ ಆ ಯುದ್ಧ ನಡೆಯಿತು. ಯುದ್ಧಕ್ಕೆ ಮುಂಚಿನ ಅವರ ಬದುಕು ವಿವರವಾಗಿ ದಾಖಲಾಗಿರುವುದರಿಂದ, ಯುದ್ಧವು ಅವರಿಂದ ಏನನ್ನು ಕಸಿದುಕೊಂಡಿತೆಂಬುದನ್ನು ಊಹೆಯಿಂದಲ್ಲದೆ ಪ್ರಮಾಣದಿಂದ ಹೇಳುವ ಅವಕಾಶ ಉಂಟಾಗಿದೆ.

ಸತ್ತವರನ್ನು ಎಣಿಸುವ ಕಾರ್ಯದಲ್ಲಿಯೂ ಇಂಥ ಸಹಯೋಗ ನೆರವಾದದ್ದುಂಟು. ಪೆರು ದೇಶದಲ್ಲಿ 1980ರಿಂದ 2000ದವರೆಗೆ ನಡೆದ ಹಿಂಸಾಚಾರವನ್ನು ವಿಚಾರಿಸಲು ನೇಮಿಸಿದ ಸತ್ಯ ಮತ್ತು ಸಮನ್ವಯ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಲಿಮಾ ನಗರದ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಕುಲಪತಿ, ಸಾಲೊಮೊನ್ ಲೆರ್ನೆರ್. ಆಯೋಗದ ಮುಂದೆ ಬಂದ ಸಾಕ್ಷ್ಯಗಳಲ್ಲಿ ಸತ್ತವರೂ ಕಾಣೆಯಾದವರೂ ಸೇರಿ ಗುರುತು ಸಿಕ್ಕವರು ಸುಮಾರು 24,000. ಹೆಸರು ಹೇಳಲು ಯಾರೂ ಉಳಿಯದ ಮನೆಗಳ ಗತಿಯೇನು?

ಪೆರುವಿನ ಸಮಾಜಶಾಸ್ತ್ರಜ್ಞರೂ ಅಮೆರಿಕದ ಸಂಖ್ಯಾಶಾಸ್ತ್ರಜ್ಞರೂ ಕೂಡಿ ಬೇರೆ ಬೇರೆ ಸಂಸ್ಥೆಗಳು ತಯಾರಿಸಿದ್ದ ಪಟ್ಟಿಗಳನ್ನು ಒಂದಕ್ಕೊಂದು ತಾಳೆ ನೋಡಿದರು. ಒಂದು ಪಟ್ಟಿಯ ಹೆಸರುಗಳು ಇನ್ನೊಂದರಲ್ಲಿಯೂ ಬಹುವಾಗಿ ದೊರೆತರೆ ಎಣಿಕೆ ಬಹುಮಟ್ಟಿಗೆ ಪೂರ್ಣವಾಗಿದೆಯೆಂದೂ, ಅಪರೂಪವಾಗಿ ದೊರೆತರೆ ಯಾವ ಪಟ್ಟಿಗೂ ಸೇರದವರು ಅನೇಕರಿದ್ದಾರೆಂದೂ ತರ್ಕಿಸಬಹುದು. ಹೀಗೆ ಲೆಕ್ಕ ಹಾಕಿ, ಮಡಿದವರು ಸುಮಾರು 69,280 ಮಂದಿ ಎಂದು ಆಯೋಗವು 2003ರಲ್ಲಿ ಅಂದಾಜು ಮಾಡಿತು. ಗುರುತು ಸಿಕ್ಕ ಬಲಿಗಳಲ್ಲಿ ನಾಲ್ವರಲ್ಲಿ ಮೂವರು ಕೆಚುವಾ ಮುಂತಾದ ದೇಶೀಯ ಭಾಷೆಗಳನ್ನಾಡುವ ಬಡ ಬೇಸಾಯಗಾರರ ಪೈಕಿಯವರು. ಸ್ಪ್ಯಾನಿಷ್ ನುಡಿಯುವ ರಾಜಧಾನಿಗೆ ಅವರ ಮರಣವು ಅದುವರೆಗೆ ಸರಿಯಾಗಿ ಕೇಳಿಸಿಯೇ ಇರಲಿಲ್ಲ. ಈ ಅಂದಾಜನ್ನು ಮುಂದೆ ಕೆಲವು ವಿದ್ವಾಂಸರು ಹೆಚ್ಚಾಯಿತೆಂದು ಆಕ್ಷೇಪಿಸಿದ್ದೂ ಉಂಟು. ಹಾಗೆ ಆಕ್ಷೇಪಿಸಲು ಅನುವಾಗುವಂತೆ ತಮ್ಮ ವಿಧಾನವನ್ನು ಬಿಚ್ಚಿಟ್ಟದ್ದೇ ಆ ಕೆಲಸದ ಪ್ರಾಮಾಣಿಕತೆ.

ಹಣವಿದ್ದೆಡೆಯಲ್ಲಿ ನಿರ್ಧಾರ

ಇಷ್ಟೆಲ್ಲ ಪ್ರಯೋಜನವಿದ್ದರೂ ಈ ಸಹಯೋಗಗಳ ತಳಹದಿ ದುರ್ಬಲವಾದುದು. ಬ್ರಿಟಿಷ್ ಸರ್ಕಾರವು 2015ರಲ್ಲಿ, ಬಡ ರಾಷ್ಟ್ರಗಳ ಸಮಸ್ಯೆಗಳನ್ನು ಕುರಿತ ಸಂಶೋಧನೆಗಾಗಿ 150 ಕೋಟಿ ಪೌಂಡುಗಳ ನಿಧಿಯೊಂದನ್ನು ಘೋಷಿಸಿತು; ಆಫ್ರಿಕ, ಏಷ್ಯಗಳ ಅನೇಕ ವಿಶ್ವವಿದ್ಯಾಲಯಗಳು ಅದನ್ನು ನಂಬಿ ತರುಣ ಸಂಶೋಧಕರನ್ನು ನೇಮಿಸಿಕೊಂಡವು. ಆದರೆ ಬ್ರಿಟನ್ ವಿದೇಶೀ ನೆರವನ್ನು ರಾಷ್ಟ್ರೀಯ ಆದಾಯದ ಶೇಕಡ 0.7ರಿಂದ 0.5ಕ್ಕೆ ಇಳಿಸಿದಾಗ, 2021ರ ಮಾರ್ಚ್ ತಿಂಗಳಲ್ಲಿ, ಒಪ್ಪಿಕೊಂಡಿದ್ದ ಯೋಜನೆಗಳಿಗೇ 12 ಕೋಟಿ ಪೌಂಡುಗಳ ಕೊರತೆ ಬಿದ್ದಿತು. ಲಂಡನ್ನಿನಲ್ಲಿ ಒಂದು ಅಂಕಿ ಇಳಿದುದಕ್ಕೆ, ಅದರ ಚರ್ಚೆಯಲ್ಲಿ ಯಾವ ಪಾತ್ರವೂ ಇಲ್ಲದ ದೂರದೇಶಗಳ ಸಂಶೋಧಕರು ತಮ್ಮ ಕೆಲಸವನ್ನು ನಡುವಿನಲ್ಲಿಯೇ ಮೊಟಕುಗೊಳಿಸಬೇಕಾಯಿತು.

2025ರ ಫೆಬ್ರವರಿಯಲ್ಲಿ ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದಿತು. 1984ರಿಂದ 90ಕ್ಕೂ ಹೆಚ್ಚು ದೇಶಗಳಲ್ಲಿ ಜನನ, ಮರಣ, ಪೌಷ್ಟಿಕತೆಗಳ ಸಮೀಕ್ಷೆಗೆ ನೆರವಾಗುತ್ತಿದ್ದ ಯೋಜನೆಗೆ ಅಮೆರಿಕ ಸರ್ಕಾರವು ಹಣವನ್ನು ನಿಲ್ಲಿಸಿತು. ಮಕ್ಕಳ ಮರಣದ ಲೆಕ್ಕಕ್ಕೆ ಮುಖ್ಯವಾಗಿ ಅದನ್ನೇ ಅವಲಂಬಿಸಿದ್ದ ದೇಶಗಳು ಇಕ್ಕಟ್ಟಿಗೆ ಸಿಲುಕಿದವು.

ಭಾರತವು ಆ ದುರವಸ್ಥೆಗೆ ಸಿಲುಕಲಿಲ್ಲವೇಕೆಂಬುದು ಇಲ್ಲಿ ಗಮನಾರ್ಹ. ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ 1992-93ರಲ್ಲಿ ಅಮೆರಿಕದ ನೆರವಿನಿಂದಲೇ ಆರಂಭವಾದುದು. ಆದರೆ ಅದರ ಹೊಣೆಯನ್ನು ಮೊದಲ ದಿನದಿಂದಲೇ ಮುಂಬಯಿಯ ಜನಸಂಖ್ಯಾ ಅಧ್ಯಯನ ಸಂಸ್ಥೆಗೆ ಒಪ್ಪಿಸಲಾಗಿತ್ತು. ಕರ್ನಾಟಕದಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ ಜನಸಂಖ್ಯಾ ಸಂಶೋಧನ ಕೇಂದ್ರವು ಅದರೊಡನೆ ದುಡಿಯಿತು. ಹೊರಗಿನ ನೆರವು ಕರಗಿದರೂ ಒಳಗಿನ ಸಾಮರ್ಥ್ಯ ಉಳಿಯಿತು. ತಾನು ಅನಾವಶ್ಯಕವಾಗುವಂತೆ ಕೆಲಸ ಮಾಡುವ ನೆರವೇ ಉತ್ತಮವಾದ ನೆರವು.

ಮಂಡ್ಯದ ಎರಡು ಹಳ್ಳಿಗಳು

ಸಹಯೋಗವೆಂಬುದು ಕೇವಲ ಹಣದ ಒಪ್ಪಂದವಲ್ಲವೆಂಬುದಕ್ಕೆ ನಮ್ಮ ನೆಲದ್ದೇ ಒಂದು ಸಾಕ್ಷ್ಯವಿದೆ. ನಾಜಿಗಳ ಹಾವಳಿಯಿಂದ ಪಾರಾಗಿ ಇಂಗ್ಲೆಂಡನ್ನು ಸೇರಿದ ವಿಯೆನ್ನಾದ ಯೆಹೂದಿ ಮಹಿಳೆ ಸ್ಕಾರ್ಲೆಟ್ ಎಪ್‌ಸ್ಟೈನ್, ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯಾಗಿ 1954ರಲ್ಲಿ ಮಂಡ್ಯದ ಸೀಮೆಗೆ ಬಂದರು. ವಂಗಲ, ದಲೇನ ಎಂಬ ಮರೆಹೆಸರುಗಳಿಂದ ಅವರು ಕರೆದ ಎರಡು ಹಳ್ಳಿಗಳಲ್ಲಿ ಒಂದಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಹರಿದಿತ್ತು. ಇನ್ನೊಂದು ಒಣಗಿಯೇ ಉಳಿದಿತ್ತು.

ನೀರು ಬಂದಲ್ಲಿ ಸಮಾಜ ಬಹಳವಾಗಿ ಬದಲಾಗಿರುವುದೆಂದು ನಾವು ಊಹಿಸುತ್ತೇವೆ. ಎಪ್‌ಸ್ಟೈನ್ ಕಂಡದ್ದು ಬೇರೆ. ಕಬ್ಬಿನಿಂದ ಸಿರಿ ಬಂದ ವಂಗಲದಲ್ಲಿ ಬೇಸಾಯವೇ ಬದುಕಾಗಿ ಉಳಿದು, ಹಳೆಯ ಆಚಾರಸಂಬಂಧಗಳು ಗಟ್ಟಿಯಾಗಿಯೇ ನಿಂತುವು. ನೀರು ದೊರೆಯದ ದಲೇನದ ಜನ, ವ್ಯಾಪಾರವೆಂದೂ ಪಟ್ಟಣದ ಉದ್ಯೋಗವೆಂದೂ ಹೊರಹೊರಟು, ಅಲ್ಲಿ ಹಳೆಯ ಕಟ್ಟುಗಳು ಬೇಗ ಸಡಿಲಿದುವು. 1962ರಲ್ಲಿ ಪ್ರಕಟವಾದ ಅವರ ಗ್ರಂಥವು ಅಭಿವೃದ್ಧಿಯ ಚಿಂತನೆಯಲ್ಲಿ ಇಂದಿಗೂ ಗಣ್ಯವಾದುದು.

ಅವರು ಅಷ್ಟಕ್ಕೆ ಮುಗಿಸಲಿಲ್ಲ. 1970ರಲ್ಲಿ ಮರಳಿ ಬಂದರು. ಅನಂತರವೂ ನಂಟು ಬಿಡಲಿಲ್ಲ. 1998ರಲ್ಲಿ, ನಾಲ್ವತ್ತು ವರ್ಷಗಳ ಗ್ರಾಮಪರಿವರ್ತನೆಯನ್ನು ಕುರಿತ ಗ್ರಂಥ ಹೊರಬಂದಾಗ, ಅದರ ಲೇಖಕರೆಂದು ಅವರ ಹೆಸರಿನೊಡನೆ ಎ.ಪಿ. ಸೂರ್ಯನಾರಾಯಣ, ಟಿ. ತಿಮ್ಮೇಗೌಡ ಎಂಬ ಎರಡು ಹೆಸರುಗಳೂ ಅಚ್ಚಾಗಿದ್ದುವು. ಸೂರ್ಯನಾರಾಯಣ ಅವರು ಮೊದಲ ಅಧ್ಯಯನದಲ್ಲಿ ಅವರಿಗೆ ಸಹಾಯಕರಾಗಿ ದುಡಿದವರು. ಸಹಾಯಕನು ಸಹಲೇಖಕನಾಗಲು ನಾಲ್ವತ್ತು ವರ್ಷ ಬೇಕಾಯಿತೆಂಬುದು ಚಿಂತಿಸತಕ್ಕ ವಿಷಯ; ಆದರೂ, ಅನುವಾದಿಸಿದವರೂ ಮನೆಮನೆ ತಿರುಗಿದವರೂ ಮುನ್ನುಡಿಯ ಒಂದು ಕೃತಜ್ಞತಾವಾಕ್ಯದಲ್ಲಿ ಮರೆಯಾಗುವುದೇ ಪದ್ಧತಿಯಾಗಿದ್ದ ಲೋಕದಲ್ಲಿ ಇದು ಆದರಣೀಯವಾದ ಮೇಲ್ಪಂಕ್ತಿ.

ನ್ಯಾಯದ ನಿಬಂಧನೆಗಳು

ಸಂಶೋಧನೆಗೆ ಒಳಗಾಗುವ ಜನರೇ ಈಗ ಅಂಥ ನ್ಯಾಯವನ್ನು ಲಿಖಿತ ನಿಯಮವಾಗಿ ಕೇಳತೊಡಗಿದ್ದಾರೆ. ದಕ್ಷಿಣ ಆಫ್ರಿಕದ ಸಾನ್ ಜನಾಂಗದವರು, ತಮ್ಮನ್ನು ಕುರಿತು ತಲೆಮಾರುಗಳಿಂದ ನಡೆದ ಸಂಶೋಧನೆಗಳಿಂದ ಬೇಸತ್ತು, 2017ರಲ್ಲಿ ತಾವೇ ಒಂದು ನೀತಿಸಂಹಿತೆಯನ್ನು ರಚಿಸಿ, ತಮ್ಮಲ್ಲಿಗೆ ಬರುವ ವಿದ್ವಾಂಸರೆಲ್ಲರೂ ಅದಕ್ಕೆ ಬದ್ಧರಾಗಬೇಕೆಂದು ವಿಧಿಸಿದರು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ ಇವು ಅದರ ಆಧಾರಗಳು. ಮರುವರ್ಷ ಪ್ರಕಟವಾದ ಅಂತರರಾಷ್ಟ್ರೀಯ ಸಂಹಿತೆಯೊಂದು ಇದೇ ಮೌಲ್ಯಗಳನ್ನು ಎತ್ತಿಹಿಡಿಯಿತು. ಐರೋಪ್ಯ ಒಕ್ಕೂಟವು ಅದನ್ನು ತನ್ನ ಸಂಶೋಧನಾ ನೆರವಿಗೆ ಅನ್ವಯಿಸಿಕೊಂಡಿದೆ.

ಈ ನಿಬಂಧನೆಗಳ ಸಾರವನ್ನು ಹೀಗೆ ಸಂಗ್ರಹಿಸಬಹುದು: ಪ್ರಶ್ನೆಯನ್ನು ರೂಪಿಸುವಾಗಲೇ ಆ ದೇಶದ ವಿದ್ವಾಂಸರು ಜೊತೆಯಲ್ಲಿರಬೇಕು, ಹಣದ ಲೆಕ್ಕ ಅವರ ಕೈಯಲ್ಲಿಯೂ ಇರಬೇಕು, ಗ್ರಂಥದಲ್ಲಿ ಅವರ ಹೆಸರಿರಬೇಕು, ಕಂಡ ಫಲವು ಕಂಡ ಊರಿಗೆ, ಆ ಊರಿನ ಭಾಷೆಯಲ್ಲಿ, ಹಿಂತಿರುಗಬೇಕು. ಯುದ್ಧದ ನೆಲದಲ್ಲಾದರೆ ಇನ್ನೂ ಒಂದು ಮಾತು ಸೇರುತ್ತದೆ: ಉತ್ತರ ಕೊಟ್ಟವನಿಗೆ ಆ ಉತ್ತರದಿಂದ ಅಪಾಯವಾಗಬಾರದು.

ಕರ್ನಾಟಕದ ವಿಶ್ವವಿದ್ಯಾಲಯಗಳಿಗೂ ಇದರಲ್ಲಿ ಒಂದು ಕರ್ತವ್ಯವಿದೆ. ಹೊರಗಿನ ನಿಧಿಯೊಡನೆ ಹೊರಗಿನ ಪ್ರಶ್ನೆಯನ್ನೂ ತಲೆಬಾಗಿ ಸ್ವೀಕರಿಸದೆ, ರಾಯಚೂರಿನ ಗುಳೆಯನ್ನೋ ಕಲ್ಯಾಣ ಕರ್ನಾಟಕದ ಮಕ್ಕಳ ಪೌಷ್ಟಿಕತೆಯನ್ನೋ ಕುರಿತು ತಮ್ಮದೇ ಪ್ರಶ್ನೆಯೊಡನೆ ಸಹಯೋಗದ ಮೇಜಿಗೆ ಹೋಗುವಷ್ಟು ಸಿದ್ಧತೆಯನ್ನು ಅವು ಮಾಡಿಕೊಳ್ಳಬೇಕು. ಅದಕ್ಕೆ ಬೇಕಾದ ದೀರ್ಘಕಾಲದ ಹಣವನ್ನು ಒದಗಿಸುವ ಹೊಣೆ ಸರ್ಕಾರದ್ದು. ಅದನ್ನು ಕೇಳುವ ಹೊಣೆ ಓದುಗರಾದ ನಮ್ಮದು.

ಬಡವನನ್ನು ಪ್ರಶ್ನಿಸಲು ಲೋಕಕ್ಕೆ ಹಕ್ಕಿದೆಯೆಂದಾದರೆ, ಲೋಕವನ್ನು ಮರುಪ್ರಶ್ನಿಸಲು ಬಡವನಿಗೂ ಹಕ್ಕಿರಬೇಕು. ನನ್ನ ವಿಷಯವಾಗಿ ನಿಮಗೆ ತಿಳಿದುಬಂದದ್ದೇನು, ಅದನ್ನು ಯಾರಿಗೆ ಹೇಳಿದಿರಿ, ಅದರಿಂದ ಆದದ್ದೇನು ಎಂದು ಆತ ಕೇಳಿದರೆ, ನೇರವಾಗಿ ಉತ್ತರ ಕೊಡಬಲ್ಲ ವಿದ್ಯೆಯೇ ವಿಶ್ವವಿದ್ಯಾಲಯವೆಂಬ ಹೆಸರಿಗೆ ತಕ್ಕ ವಿದ್ಯೆ.